ಅತ್ತೆ ಬರೆಸಿದ ಅರ್ಜಿಗಳು

ನಮ್ಮ ಅತ್ತೆಗೆ ಈಗ ಎಪ್ಪತ್ತೊಂದು. ಅವರು ಕೆಲಸ ಹುಡುಕುತ್ತಿದ್ದಾರೆ!

ನಗಬೇಡಿ. ಹಪ್ಪಳ, ಉಪ್ಪಿನಕಾಯಿಯ ಕೆಲಸವಲ್ಲ. ಅತ್ತೆ ಆನಿಮೇಷನ್ ಸ್ಟುಡಿಯೋ ಸೇರಬೇಕಂತೆ. ಸಂಬಳದ ಮಾತಿಲ್ಲ, ಮಧ್ಯಾಹ್ನ ಅರ್ಧ ಗಂಟೆ ಅಡ್ಡಾಗಲು ಜಾಗವಿದ್ದರೆ ಸಾಕಂತೆ.

ಇದೆಲ್ಲ ಶುರುವಾದದ್ದು ನನ್ನ ಮಗಳ ದುರ್ಗಾಪೂಜೆಯ ರಜೆಯಲ್ಲಿ. ಕೋಲ್ಕತಾದ ಲೇಕ್ ಗಾರ್ಡನ್ಸ್‌ನ ನಮ್ಮ ಫ್ಲ್ಯಾಟಿನಲ್ಲಿ ಮೂವರೂ ಕೂತು ಟೀವಿಯಲ್ಲಿ ಒಂದು ಕಾರ್ಟೂನ್ ಸಿನಿಮಾ ನೋಡಿದೆವು. ಮುಗಿಯಿತೆಂದು ನಾನೂ ಮಗಳೂ ಎದ್ದರೆ ಅತ್ತೆ ಗದರಿದರು: "ಕೂತ್ಕೊಳ್ಳಿ ಇಬ್ರೂ! ಹೊಟ್ಟೆ ತುಂಬ ಉಂಡು ಅಡುಗೆಯವನ ಹೆಸರು ಕೇಳದೆ ಏಳುದಾ?"

ಪರದೆಯ ಮೇಲೆ ಹೆಸರುಗಳು ಹರಿಯತೊಡಗಿದವು. ಒಂದಲ್ಲ ಎರಡಲ್ಲ, ಮದುವೆಯ ಮುಯ್ಯಿ ಪಟ್ಟಿಯ ಹಾಗೆ ಮುಗಿಯುವುದೇ ಇಲ್ಲ! ಅತ್ತೆ ಕನ್ನಡಕ ಏರಿಸಿಕೊಂಡು ಮೊಮ್ಮಗಳ ಕೈಯಲ್ಲಿ ಮೂರು ಸಲ ಟೀವಿ ನಿಲ್ಲಿಸಿ ಎಂಟು ಹೆಸರು ಬರೆದುಕೊಂಡರು. "ಇವರೆಲ್ಲ ಕೂತು ಒಂದೊಂದೇ ಚಿತ್ರ ಬಿಡಿಸ್ತಾರಂತೆ. ಇವರಿಗೆ ಕಾಗದ ಬರೀಬೇಕು."

ಅತ್ತೆಗೆ ಚಿತ್ರ ಬಿಡಿಸುವ ಚಾಳಿ ಮೊದಲಿನಿಂದಲೂ ಇತ್ತು. ಹಾಲಿನ ಲೆಕ್ಕದ ಪುಸ್ತಕದ ಅಂಚಿನಲ್ಲಿ ಬೆಕ್ಕು, ದಿನಸಿ ಚೀಟಿಯ ಹಿಂದೆ ಕಾಗೆ. ನಾವು ಯಾರೂ ಅದನ್ನು ಚಿತ್ರವೆಂದು ಎಣಿಸಿರಲಿಲ್ಲ, ಅಷ್ಟೆ.

ಕಾಗದ ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿ ನನ್ನ ಮೇಲ್ ಮೂಲಕ ಕಳಿಸುವುದು ಎಂದಾಯಿತು. ನಾನು ಬ್ಯಾಂಕಿನವಳು. ನನಗೆ ಬರುವ ಇಂಗ್ಲಿಷ್ ಒಂದೇ ಬಗೆಯದು: 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ.' ಅತ್ತೆಯ ಶೈಲಿಯೋ, ಮೊದಲ ಮೂರು ಪುಟ ಕುಶಲ ಪ್ರಶ್ನೆ. ಆ ಮಹಾನುಭಾವನ ತಾಯಿಯ ಆರೋಗ್ಯ, ಅವನ ಊರಿನ ಮಳೆ, ತಮ್ಮ ಮೊಣಕಾಲು. ವಿಷಯ ಬಂದದ್ದು ನಾಲ್ಕನೆಯ ಪುಟದಲ್ಲಿ: 'ನಿಮ್ಮ ಚಿತ್ರದಲ್ಲಿ ಮುದುಕಿ ನೆಲದಿಂದ ಏಳುವಾಗ ಕೈ ಊರುವುದಿಲ್ಲ. ನೀವು ಯಾವ ಮುದುಕಿಯನ್ನು ನೋಡಿದ್ದೀರಿ?'

"ಅತ್ತೆ, ಕೆಲಸ ಕೇಳುವಾಗ ಹೀಗೆ ಬರೆಯುತ್ತಾರಾ?"

"ತಪ್ಪು ಹೇಳದಿದ್ರೆ ನನಗೆ ಕೆಲಸ ಗೊತ್ತುಂಟು ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು, ಮಾರಾಯ್ತಿ?"

ಹೇಳಿದಂತೆಯೇ ಟೈಪು ಮಾಡಿದೆ.

ಎಂಟು ಕಾಗದಗಳಲ್ಲಿ ಏಳಕ್ಕೆ ಉತ್ತರವಿಲ್ಲ. ಎಂಟನೆಯದಕ್ಕೆ ಅರೆ ನಿಮಿಷದಲ್ಲೇ ಬಂತು! 'ನಿಮ್ಮ ಪತ್ರಕ್ಕೆ ಧನ್ಯವಾದ, ನಾನು ರಜೆಯಲ್ಲಿದ್ದೇನೆ.' ಕಂಪ್ಯೂಟರ್ ತಾನಾಗಿ ಕಳಿಸುವ ಮಾಮೂಲಿ ಉತ್ತರ. ಅತ್ತೆಗೆ ಕಣ್ಣು ತುಂಬಿತು. "ನೋಡಿದ್ಯಾ, ಪಾಪ, ರಜೆಯಲ್ಲಿದ್ರೂ ಕೂಡ್ಲೆ ಬರ್ದಿದ್ದಾನೆ. ಇದಕ್ಕೆ ಸಂಸ್ಕಾರ ಅನ್ನುದು." ರಜೆ ಸುಖವಾಗಿರಲಿ ಎಂದು ಬರೆಸಿದರು. ಮತ್ತೆ ಅದೇ ಉತ್ತರ. ಹೊರಗೆ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ ಎಂದು ಬರೆಸಿದರು. ಮತ್ತೆ ಅದೇ. ನಾಲ್ಕು ದಿನ ಈ ಪತ್ರವ್ಯವಹಾರ ನಡೆಯಿತು. ಕೊನೆಗೆ ಮಗಳು ತಡೆಯಲಾರದೆ ಅಂದಳು: "ಅಜ್ಜಿ, ವೋ ಆದ್ಮಿ ನಹೀ ಹೈ! ಮನುಷ್ಯ ಅಲ್ಲ, ಮಷೀನ್ ಅದು!"

"ಇರ್ಲಿ," ಎಂದರು ಅತ್ತೆ, ಕೊಂಚವೂ ಕುಗ್ಗದೆ. "ಮನುಷ್ಯರಿಗಿಂತ ಮರ್ಯಾದೆ ಉಂಟು ಅದಕ್ಕೆ."

ಆಮೇಲೆ ಮೊಮ್ಮಗಳು ಅಜ್ಜಿಗೆ ಇನ್‌ಸ್ಟಾಗ್ರಾಮ್ ತೆರೆದುಕೊಟ್ಟಳು. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು! ಮುಂಬಯಿಯ ಒಬ್ಬ ಬಲು ದೊಡ್ಡ ನಿರ್ದೇಶಕರು ತಮ್ಮ ಹೊಸ ಚಿತ್ರದ ತುಣುಕು ಹಾಕಿದರೆ, ಅತ್ತೆಯ ಷರಾ: 'ದನದ ಬಾಲ ನೊಣ ಓಡಿಸುವಾಗ ಹಾಗೆ ತಿರುಗುವುದಿಲ್ಲ. ಮತ್ತೊಮ್ಮೆ ನೋಡಿ.' ನಾನು ಆಫೀಸಿನಲ್ಲಿ ಅದನ್ನು ಓದಿ ಬೆವರಿದೆ. ಸಂಜೆಯೊಳಗೆ ಅವರು ಅದರ ಕೆಳಗೆ ಒಂದು ಕೆಂಪು ಹೃದಯ ಒತ್ತಿದ್ದರು. ಅತ್ತೆಗೆ ಅಸಮಾಧಾನ. "ಹೃದಯ ಯಾರಿಗೆ ಬೇಕು? ಬಾಲ ಸರಿ ಮಾಡ್ತಾನಾ ಇಲ್ವಾ, ಅದು ಹೇಳ್ಲಿ."

ಬರೇ ಮಾತಿನಲ್ಲಿ ತಪ್ಪು ಹೇಳಿದರೆ ಯಾರೂ ನಂಬುವುದಿಲ್ಲ, ಬಿಡಿಸಿಯೇ ತೋರಿಸಬೇಕು ಎಂದು ಅವರಿಗೆ ಹೊಳೆದದ್ದು ಆಗಲೇ. ಜಿರಾಫೆ ನೆಲಕ್ಕೆ ಕೂರುವುದು ಹೇಗೆಂದು ನೋಡಲು ಅಲಿಪುರದ ಮೃಗಾಲಯಕ್ಕೆ ಏಳು ದಿನ ಹೋದರು. ಜಿರಾಫೆಗೇನು ಗೊತ್ತು ಇವರ ಅವಸರ? ಅದು ನಿಂತೇ ಇತ್ತು. ಇವರು ಕೂತೇ ಇದ್ದರು. ಕಾವಲುಗಾರ ಬಂದು, "ಕೀ ಕೋರ್ಛೇನ್ ಮಾಶಿಮಾ?" ಏನು ಮಾಡುತ್ತಿದ್ದೀರಿ ದೊಡ್ಡಮ್ಮ, ಎಂದು ಕೇಳಿದ. "ಕಾಜ್ ಕೋರ್ಛಿ," ಕೆಲಸ ಮಾಡ್ತಿದ್ದೇನೆ, ಎಂದರಂತೆ ಗಂಭೀರವಾಗಿ. ಏಳನೆಯ ದಿನ ಜಿರಾಫೆ ಕೂತಿತು. ಅತ್ತೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಚೌಕವಾಗಿ ಕತ್ತರಿಸಿ, ಮೂವತ್ತು ಚಿತ್ರ ಬಿಡಿಸಿ, ಅಂಚಿಗೆ ದಬ್ಬಣದಲ್ಲಿ ಹೊಲಿಗೆ ಹಾಕಿದರು. ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಜಿರಾಫೆ ಮೆಲ್ಲಗೆ ಕಾಲು ಮಡಚಿ ಕೂರುತ್ತದೆ! ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಅದೇ ಚಳಿಗಾಲದಲ್ಲಿ ಅತ್ತೆಯ ಎಂಟು ಹೆಸರುಗಳಲ್ಲಿ ಒಬ್ಬಾಕೆ ಕೋಲ್ಕತಾಕ್ಕೆ ಭಾಷಣಕ್ಕೆ ಬಂದರು. ಸಭಾಂಗಣದ ತುಂಬ ಕಾಲೇಜು ಮಕ್ಕಳು, ಎಲ್ಲರ ಕೈಯಲ್ಲೂ ಮಿರಮಿರ ಮಿಂಚುವ ಟ್ಯಾಬ್ಲೆಟ್. ಅತ್ತೆಯ ಕೈಯಲ್ಲಿ ಹೊಲಿದ ಜಿರಾಫೆ ಮತ್ತು ಒಂದು ಡಬ್ಬಿ ಗೋಳಿಬಜೆ. ಭಾಷಣದ ಬಳಿಕ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಅತ್ತೆಯ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಹಗ್ಗವಾಗಿತ್ತು. ಅವರಿಗೂ ಅಂಜಿಕೆಯಾಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಆಕೆ ಪುಸ್ತಕ ತೆಗೆದುಕೊಂಡು ಸರ್ರನೆ ಬಿಟ್ಟರು. ಇನ್ನೊಮ್ಮೆ ಬಿಟ್ಟರು. ಬಂಗಾಳಿಯಲ್ಲೇ ಹೇಳಿದರು: "ಮಾಶಿಮಾ, ಕೂರುವುದು ಸರಿಯಾಗಿದೆ. ಆದರೆ ಈ ಜಿರಾಫೆ ಯಾರು? ನಿಮಗೇ ಗೊತ್ತಿಲ್ಲ. ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಬಿಡಿಸಿ ನನಗೆ ಕಳಿಸಿ." ಚೀಟಿಯ ಮೇಲೆ ತಮ್ಮ ಮೇಲ್ ವಿಳಾಸ ಬರೆದುಕೊಟ್ಟರು. ಗೋಳಿಬಜೆ ಅಲ್ಲೇ ಎರಡು ತಿಂದರು.

ಟ್ಯಾಕ್ಸಿಯಲ್ಲಿ ಅತ್ತೆ ಕೆಂಡ. "ಯಾರು ಅಂದ್ರೆ ಎಂತ ಹೇಳುದು? ಜಿರಾಫೆಯ ಗೋತ್ರ ಕೇಳ್ಲಿಕ್ಕೆ ಉಂಟಾ?"

ಆಮೇಲೆ ಎರಡು ತಿಂಗಳು ಸದ್ದಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಏನೋ ಬಿಡಿಸುತ್ತಿದ್ದರು, ತೋರಿಸಲಿಲ್ಲ. ಮೊಮ್ಮಗಳಿಂದಲೇ ಫೋಟೋ ತೆಗೆಸಿ ಕಳಿಸಿದರು. ನನಗೆ ಸ್ವಲ್ಪ ಹೊಟ್ಟೆಯುರಿದದ್ದು ನಿಜ. ಇಷ್ಟು ಅರ್ಜಿ ಟೈಪು ಮಾಡಿದವಳು ನಾನಲ್ಲವೇ?

ಮೇಲ್ ಮಾತ್ರ ನನ್ನ ಹೆಸರಿನದು. ಮೊನ್ನೆ ಶನಿವಾರ ಸಂಜೆ ಉತ್ತರ ನನಗೇ ಬಂತು. ಎರಡೇ ಸಾಲು: 'ಇದನ್ನು ನನ್ನ ವಿದ್ಯಾರ್ಥಿಗಳಿಗೆಲ್ಲ ತೋರಿಸಿದೆ. ಈಕೆ ಯಾರು? ಹುಷಾರಾಗಿದ್ದಾರಾ?'

ಅತ್ತೆಯನ್ನು ಕೇಳದೆ ಅವರ ಕೋಣೆಗೆ ಹೋಗಿ, ಮೇಜಿನ ಮೇಲಿದ್ದ ಪುಸ್ತಕ ಎತ್ತಿ ಹೆಬ್ಬೆರಳಿನಿಂದ ಬಿಟ್ಟೆ. ಒಬ್ಬ ಹೆಂಗಸು ಲಿಫ್ಟಿನಿಂದ ಹೊರಬರುತ್ತಾಳೆ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ತರಕಾರಿ ಚೀಲ. ಬಾಗಿಲ ಮುಂದೆ ನಿಲ್ಲುತ್ತಾಳೆ. ಬೆಲ್ ಒತ್ತುವುದಿಲ್ಲ. ಚೀಲ ಕೆಳಗಿಟ್ಟು, ಹಣೆಯನ್ನು ಗೋಡೆಗೆ ಆನಿಸಿ ಸುಮ್ಮನೆ ನಿಲ್ಲುತ್ತಾಳೆ. ಆಮೇಲೆ ಸೆರಗಿನಿಂದ ಮುಖ ಒರೆಸಿ, ನಗುವೊಂದನ್ನು ಹಾಕಿಕೊಂಡು, ಬೆಲ್ ಒತ್ತುತ್ತಾಳೆ.

ಗಂಡನಿಗೆ ದೂರದ ಸಿಲಿಗುರಿಗೆ ವರ್ಗವಾದ ಮೇಲೆ ನಾನು ದಿನವೂ ಹಾಗೆ ನಿಲ್ಲುತ್ತೇನೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಲಿಫ್ಟಿನ ಸದ್ದು ಕೇಳಿದ ಕೂಡ್ಲೆ ನಾನು ಬಾಗಿಲ ಹತ್ರ ಬರ್ತೇನೆ," ಎಂದರು. "ಕಿಂಡಿಯಲ್ಲಿ ಕಾಣ್ತದೆ. ಆದ್ರೆ ನೀನು ಬೆಲ್ ಒತ್ತುವ ವರೆಗೆ ತೆಗಿಯುದಿಲ್ಲ. ಅಷ್ಟು ಹೊತ್ತಾದ್ರೂ ನಿನಗೆ ಬೇಕಲ್ವಾ?"

ನಾನು ಫೋನು ಮುಂದೆ ಹಿಡಿದೆ. "ಅವರು ಕೇಳಿದ್ದಾರೆ. ಏನು ಬರೆಯಲಿ?"

ಅತ್ತೆ ಕನ್ನಡಕ ಏರಿಸಿ ಎರಡು ಸಾಲನ್ನೂ ನಿಧಾನವಾಗಿ ಓದಿದರು. "ಮೊದಲನೇದಕ್ಕೆ ನನ್ನ ಸೊಸೆ ಅಂತ ಬರಿ. ಎರಡನೇದು ನನಗೆ ಹೇಳ್ಲಿಕ್ಕೆ ಬರುದಿಲ್ಲ, ನೀನೇ ಹೇಳ್ಬೇಕು. ಹುಷಾರಿದ್ದೀಯಾ?"

ಅತ್ತೆ ಕುರ್ಚಿ ಎಳೆದು ನನ್ನನ್ನು ಕೂರಿಸಿ, ತಾವು ಮಂಚದ ಅಂಚಿಗೆ ಕೂತರು. ಮಗಳು ಟ್ಯೂಷನ್ನಿನಿಂದ ಬರಲು ಇನ್ನೂ ಒಂದು ಗಂಟೆಯಿತ್ತು. ನಾನು ಹೇಳತೊಡಗಿದೆ.