ಹರಿದ ಸ್ಪೀಕರೂ ನನ್ನ ಹೆಸರೂ

ಮೈಕ್ ಸೆಟ್ ಇಟ್ಟವನ ಬಾಗಿಲಿಗೆ ಬರುವಷ್ಟು ತಲೆಕೆಟ್ಟವರು ಡಾಕ್ಟರ ಬಾಗಿಲಿಗೂ ಬರುವುದಿಲ್ಲ. ಕೊಪ್ಪದಲ್ಲಿ ಇಪ್ಪತ್ತೆರಡು ವರ್ಷ ಅಂಗಡಿ ನಡೆಸಿದವನು ನಾನು. ಮದುವೆಗೆ ಹಾರ್ನ್ ಕಟ್ಟುವುದು, ಸಭೆಗೆ ಮೈಕ್ ಇಡುವುದು, ಜೊತೆಗೆ ಒಂದಿಷ್ಟು ಕ್ಯಾಸೆಟ್ಟು, ಸಿ.ಡಿ. ಮಾರಾಟ. "ಸೌಂಡು ಅಂದ್ರೆ ಅವನದ್ದು, ಗಂಟೆ ಹೊಡೆದಂಗೆ" ಎಂದು ಎನ್.ಆರ್.ಪುರ, ಶೃಂಗೇರಿಯವರೂ ಹೇಳುತ್ತಿದ್ದರು. ನಾನು ಸಂಪಾದಿಸಿದ್ದು ಆ ಹೆಸರೊಂದೇ. ಅದಕ್ಕೆ ಕಲ್ಲು ಹಾಕಲು ಮೂರು ಜನ ಹೊರಟರು.

೧. ಹರಿದದ್ದೇ ಬೇಕು

ಎನ್.ಆರ್.ಪುರದಲ್ಲಿ ಜೀಪ್ ಗ್ಯಾರೇಜ್ ಇಟ್ಟ ಮೆಕ್ಯಾನಿಕ್ ಒಬ್ಬ ಗಿಟಾರ್ ಹಿಡಿದುಕೊಂಡು ಬಂದ. "ಅಣ್ಣ, ಬ್ಯಾಂಡ್ ಮಾಡಿದೀವಿ. ಒಂದು ಸ್ಪೀಕರ್ ಬೇಕಿತ್ತು."

ಇದ್ದುದರಲ್ಲೇ ಒಳ್ಳೆಯದನ್ನು ಹಾಕಿ ತೋರಿಸಿದೆ. ಮುಖ ಹುಳ್ಳಗೆ ಮಾಡಿದ. ಇನ್ನೊಂದು ಹಾಕಿದೆ, ಅದೂ ಬೇಡ. ಮೂಲೆಯಲ್ಲಿ ಇಲಿ ಕಡಿದು ಹರಿದ ಸ್ಪೀಕರ್ ಒಂದು ಬಿದ್ದಿತ್ತು, ಗುಜರಿಗೆ ಹಾಕುವ ಮಾಲು. ಅದಕ್ಕೆ ತಾನೇ ವಯರ್ ಕೊಟ್ಟು ತಂತಿ ಮೀಟಿದ. ಗೊರ್ರ್ ಅಂತು. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಇದೇ ಅಣ್ಣ! ಸೌಂಡಿಗೆ ತೆಂಗಿನ ಜುಂಗಿನ ಹಾಗೆ ಜುಂಗು ಬಂದಿದೆ ನೋಡಿ."

"ಹಾಳಾಗಿದೆ ಮಾರಾಯ."

"ಅದಕ್ಕೇ ಚೆನ್ನಾಗಿದೆ."

ಕೊಟ್ಟೆ. ಕೊಡುವ ಮೊದಲು ಪೆಟ್ಟಿಗೆ ಮೇಲೆ ಬರೆಸಿದ್ದ ನನ್ನ ಅಂಗಡಿ ಹೆಸರನ್ನು ಸೀಮೆಎಣ್ಣೆ ಹಾಕಿ ಉಜ್ಜಿ ಅಳಿಸಿದೆ. ಮೈಕ್ ಸೆಟ್ಟಿನವನಿಗೂ ಮಾನ ಅಂತ ಒಂದು ಇರುತ್ತದೆ.

೨. ಎರಡನೇ ಹಾಡಲ್ಲಿದೆ

ರೆಕಾರ್ಡಿಂಗ್ ಅಂತೆ, ಅದೂ ಗ್ಯಾರೇಜಿನಲ್ಲೇ ಅಂತೆ. ಕರೆದರು ಅಂತ ಹೋದೆ. ಮೆಕ್ಯಾನಿಕ್ ಗೊರ್ರ್ ಅನ್ನಿಸುತ್ತಿದ್ದ, ಶೃಂಗೇರಿಯ ಪುರೋಹಿತರೊಬ್ಬರ ಮಗ ಕಣ್ಣು ಮುಚ್ಚಿ ಕೂಗುತ್ತಿದ್ದ, ಶೆಟ್ಟಿಕೊಪ್ಪದವನೊಬ್ಬ ಡ್ರಮ್ಮು ಬಿಟ್ಟು ಜೀಪಿನ ಬಾನೆಟ್ ಬಡಿಯುತ್ತಿದ್ದ.

ಅಷ್ಟರಲ್ಲಿ ರಿಪೇರಿಗೆ ಬಿಟ್ಟ ಜೀಪ್ ಒಯ್ಯಲು ಸೀತೂರಿನ ಯಜಮಾನರು ಬಂದರು. ಬಾಗಿಲಲ್ಲೇ ನಿಂತು ಕಿವಿಗೊಟ್ಟು, "ಯಾರದ್ದೋ ಸೈಲೆನ್ಸರ್ ಪೂರ್ತಿ ಹೋಗಿದೆಯಲ್ಲಾ! ನನ್ನ ಗಾಡಿ ರೆಡಿ ಆಯ್ತೇನೋ?" ಎಂದರು.

"ಗಾಡಿ ರೆಡಿ ಸರ್" ಎಂದ ಮೆಕ್ಯಾನಿಕ್. "ಬಾನೆಟ್ ಮಾತ್ರ ಎರಡನೇ ಹಾಡಲ್ಲಿದೆ. ಸಂಜೆ ಕೊಡ್ತೀನಿ."

೩. ಯಾವ ಗೂಡಿಗೆ?

ಆಲ್ಬಂ ಬಂತು. ಹೆಸರು "ಜೀಪಿಗೆ ಜ್ವರ". ನನ್ನ ಅಂಗಡಿಯಲ್ಲಿ ಭಕ್ತಿಗೀತೆ, ಭಾವಗೀತೆ, ಜಾನಪದ, ಸಿನಿಮಾ ಅಂತ ನಾಲ್ಕು ಗೂಡು. ಇದನ್ನು ಎಲ್ಲಿ ಇಡುವುದು? ಮೊದಲನೇ ಹಾಡು ತಾಳ ಕುಟ್ಟಿಕೊಂಡು ಭಜನೆಯ ಹಾಗೆ ಹೊರಡುತ್ತದೆ, ನಡುವೆ ಚೆಂಡೆ ನುಗ್ಗುತ್ತದೆ, ಕೊನೆಗೆ ಮೂವರೂ ಸೇರಿ ಕೆಮ್ಮುತ್ತಾರೆ. ಕೇಳಿದರೆ, "ಯಾವ ಗೂಡಿಗೂ ಸೇರಬಾರದು ಅಂತಲೇ ಮಾಡಿದ್ದು ಅಣ್ಣ" ಅಂತ ಹೆಮ್ಮೆ ಬೇರೆ. ಥೂ! ತಾಳ ಕೇಳಿಸಿತಲ್ಲ ಅಂತ ಭಕ್ತಿಗೀತೆಯ ಗೂಡಿಗೆ ತುರುಕಿದೆ.

ವಾರ ಬಿಟ್ಟು ಹುಡುಗನ ಅಪ್ಪ, ಅದೇ ಪುರೋಹಿತರು, ಬಂದರು. "ನಮ್ಮ ಮಾಣಿದು ಎಂತ ಹಾಡು ಮಾರಾಯ? ಶುರುವಾದ ಕೂಡಲೇ ಕೈ ಮುಗಿದೆ. ಮುಗಿದ ಕೈ ಕಿವಿಗೆ ಹೋಯ್ತು."

೪. ಬ್ಲೇಡು

ಮಾರಾಟ ಮೊದಲು, ಬಿಡುಗಡೆ ಆಮೇಲೆ! ಸಮಾರಂಭ ಕೊಪ್ಪದ ಟೌನ್ ಹಾಲ್‌ನಲ್ಲಿ, ಮೈಕ್ ಸೆಟ್ ನನ್ನದು. ಮೂವರ ನೆಂಟರಿಷ್ಟರೆಲ್ಲ ಮೂರು ತಾಲೂಕಿನಿಂದಲೂ ಬರುತ್ತಾರೆ. ಮುಂದೆ ಮದುವೆ ಸೀಸನ್ನು. ಅಷ್ಟು ಜನರೆದುರು ಗೊರ್ರ್ ಅಂದರೆ ನನ್ನನ್ನು ಯಾರು ಕರೆಯುತ್ತಾರೆ? ಬೆಳಿಗ್ಗೆಯೇ ಹೋಗಿ, ಹುಡುಗರು ಹಿಂದಿನ ರಾತ್ರಿಯೇ ತಂದಿಟ್ಟಿದ್ದ ಆ ಹರಕನ್ನು ಯಾರಿಗೂ ಹೇಳದೆ ಗುಜರಿಯವನಿಗೆ ಕೊಟ್ಟು, ಅದರ ಪೆಟ್ಟಿಗೆಯಲ್ಲಿ ಹೊಸ ಸ್ಪೀಕರ್ ಕೂರಿಸಿದೆ.

ಶುರುವಾಯಿತು. ಗಂಟೆ ಹೊಡೆದಂಗೆ ಸೌಂಡು! ತಪ್ಪಿದ ತಂತಿ, ಜಾರಿದ ತಾಳ ಒಂದೊಂದೂ ಹಿಂದಿನ ಬೆಂಚಿಗೂ ಸ್ಪಷ್ಟ. ಜನ ಆಕಳಿಸಿದರು. ಮೆಕ್ಯಾನಿಕ್ ನಿಲ್ಲಿಸಿ, ಮೈಕಿನಲ್ಲೇ, "ಅಣ್ಣ, ಸೌಂಡ್ ಹಾಳಾಗಿದೆ!" ಎಂದ.

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಆಡದ ಮಾತು. ಇಡೀ ಸಭೆ ನನ್ನ ಕಡೆ ತಿರುಗಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹಳೆಯದನ್ನು ತರೋಣವೆಂದರೆ ಅದಾಗಲೇ ಗುಜರಿ ಲಾರಿ ಹತ್ತಿತ್ತು. ಬೇರೆ ದಾರಿಯೇ ಇರಲಿಲ್ಲ. ವಯರ್ ಸುಲಿಯುವ ಬ್ಲೇಡ್ ತೆಗೆದು, ವೇದಿಕೆ ಹತ್ತಿ, ಹೊಸ ಸ್ಪೀಕರನ್ನು ನನ್ನ ಕೈಯಾರೆ ಸೀಳಿದೆ.

ಗೊರ್ರ್! ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪುರೋಹಿತರೂ, "ಈಗ ಸರಿಯಾಯ್ತು ನೋಡು" ಎಂದರು.

ಮಾರನೇ ದಿನವೇ ಕಡಹಿನಬೈಲಿನವರೊಬ್ಬರ ಫೋನು. ಮಗಳ ಮದುವೆಯಂತೆ. "ನಿನ್ನೆ ನೀವು ಸರಿ ಮಾಡಿದ್ರಲ್ಲ, ಅದೇ ಸ್ಪೀಕರ್ ತನ್ನಿ. ಗಂಟೆ ಹಾಗೆ ಕಂಯ್ ಅನ್ನೋದು ತಂದ್ರೆ ಬೇರೆಯವರಿಗೆ ಹೇಳ್ತೀವಿ ಮಾರಾಯ್ರೆ."

ಅಲ್ಲಿಂದ ನನ್ನ ಟೂಲ್ ಡಬ್ಬಿಯಲ್ಲಿ ಟೆಸ್ಟರಿನ ಪಕ್ಕ ಯಾವಾಗಲೂ ಒಂದು ಹೊಸ ಬ್ಲೇಡ್ ಇರುತ್ತದೆ. ಹರಿಯುವುದಾದರೂ ನೀಟಾಗಿ ಹರಿಯಬೇಕಲ್ಲ, ನನ್ನ ಹೆಸರಿನ ಪ್ರಶ್ನೆ.