ಕಾಲಿಗೆ ಗೊತ್ತಿದ್ದ ಮನೆ

ಎಲ್ಲದಕ್ಕೂ ಮೂಲ ಮೇಷ್ಟ್ರ ಹೆಂಡತಿಯ ಮಂಡಿನೋವು. ಇನ್ನು ಮೂರನೇ ಮಹಡಿ ಹತ್ತಲಾರೆ ಎಂದು ಆಕೆ ಕೈಚೆಲ್ಲಿದಾಗ, ಮೊದಲ ಮಹಡಿಯ ಕನ್ನಡಕದಣ್ಣ ಮನೆ ಅದಲುಬದಲು ಮಾಡಿಕೊಳ್ಳಲು ಒಪ್ಪಿದ. ಎರಡೂ ಒಂದೇ ಅಚ್ಚಿನ ಮನೆಗಳು: ಅದೇ ಹಸಿರು ಬಾಗಿಲು, ಎಡಕ್ಕೆ ಅಡುಗೆಮನೆ, ಬಲಕ್ಕೆ ಬಚ್ಚಲು. ಸಾಮಾನೆಲ್ಲ ಭಾನುವಾರವೇ ಮೇಲೆ ಹೋಯಿತು. ಕನ್ನಡಕದಣ್ಣನ ಕಾಲುಗಳು ಮಾತ್ರ ಮೊದಲ ಮಹಡಿಯಲ್ಲೇ ಉಳಿದವು.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಕೂದಲೆಳೆಯಂಥ ಗೀರೂ ಅವನ ಕಣ್ಣು ತಪ್ಪಿಸುತ್ತಿರಲಿಲ್ಲ. ಅಂಥವನು ಆ ಬೆಳಗ್ಗೆ ಹಾಲು ತಂದು ಮೇಷ್ಟ್ರ ಅಡುಗೆಮನೆಯಲ್ಲಿಟ್ಟು, "ಕಾಫಿ ಸ್ಟ್ರಾಂಗಾಗಿರ್ಲಿ ಕಣೇ" ಎಂದ.

"ಆಗ್ಲಿ. ಸಕ್ಕರೆ ಎಷ್ಟು ಹಾಕ್ಲಿ?" ಎಂದಳು ಮೇಷ್ಟ್ರ ಹೆಂಡತಿ.

ಮೇಷ್ಟ್ರು ಕಳೆದುಹೋದ ಉಂಗುರ ಸಿಕ್ಕವರಂತೆ ಕೋಣೆಯಿಂದ ಓಡಿಬಂದರು. ಕಾಲೇಜಿನಲ್ಲಿ ಅವರು ಪಾಠ ಮಾಡುವುದು ಮೆದುಳಿನ ಬಗ್ಗೆಯೇ.

"ನಾಚ್ಕೋಬೇಡಿ, ಕೂತ್ಕೊಳ್ಳಿ. ಕಿವಿಯಿಂದ ಒಳಕ್ಕೆ ಹೋದ್ರೆ ಮೆದುಳಲ್ಲಿ ಕಡಲಕುದುರೆ ಆಕಾರದ ಒಂದು ಪುಟ್ಟ ಭಾಗ ಇದೆ. ಅದ್ರಲ್ಲಿ ಕೆಲವು ಕೋಶಗಳು ನೀವು ಬಾಗಿಲ ಹತ್ರ ಇದ್ರೆ ಮಿಡಿಯುತ್ವೆ, ಬೇರೆ ಕೆಲವು ಒಲೆ ಹತ್ರ ಹೋದ್ರೆ. ಮುಖ ಯಾವ ಕಡೆಗಿದೆ ಅಂತ ಹೇಳೋಕೇ ಬೇರೆ ಕೋಶಗಳಿವೆ. ಇಡೀ ಮನೇನ ಸದ್ದಿಲ್ದೆ ತಲೇಲಿ ಬರ್ಕೊಂಡಿರ್ತೀವಿ. ಕರೆಂಟ್ ಹೋದ್ರೂ ನೀರಿನ ಲೋಟ ಕೈಗೆ ಸಿಗಲ್ವೇ?"

"ಹೌದಲ್ಲ" ಎಂದ ಕನ್ನಡಕದಣ್ಣ. ತನ್ನ ತಲೆಯಲ್ಲಿ ಇಷ್ಟೆಲ್ಲ ಇದೆಯೆಂದು ಈವರೆಗೆ ಯಾರೂ ಹೇಳಿರಲಿಲ್ಲ.

"ದಾರಿ ಅಭ್ಯಾಸ ಆಗ್ಬಿಟ್ರೆ ಮೆದುಳು ಅದನ್ನ ಇನ್ನೊಂದು ಭಾಗಕ್ಕೆ ವಹಿಸ್ಬಿಡುತ್ತೆ. ನೀವು ಏನೋ ಯೋಚಿಸ್ತಿದ್ರೂ ಕಾಲು ನಡೀತಾ ಇರುತ್ತೆ. ಅದಕ್ಕೇ ಮೆಟ್ಟಿಲು ಹತ್ತುವಾಗ ಕಂಡ ಗುರುತನ್ನೆಲ್ಲ ಬಾಯಲ್ಲಿ ಹೇಳ್ಕೊಳ್ತಾ ಹೋಗಿ."

ಅವನು ಬರಿಗೈಲಿ ಮೇಲೆ ಹೋದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಹಾಲು ಮತ್ತೆ ಅಲ್ಲೇ ಕೊಟ್ರಾ? ರೀ, ಇವತ್ತು ಅಪ್ಪ ಕಾರು ತರ್ತಿದ್ದಾರೆ. ನಿಮ್ಗೆ ಕೊಡ್ಬಹುದೋ ಬೇಡ್ವೋ ಅಂತ ನೋಡೋಕೇ ಬರ್ತಿರೋದು. ಇವತ್ತೊಂದು ದಿನ ಸರಿಯಾದ ಮನೆಗೆ ಬನ್ನಿ."

ಮಾವ ಆಯುಸ್ಸಿಡೀ ಬಸ್ಸು ಓಡಿಸಿ ನಿವೃತ್ತರಾದವರು. ಒಂದು ತಿರುವೂ ತಪ್ಪಿದವರಲ್ಲ. ಸ್ವಂತ ಮನೆ ಹುಡುಕಲಾರದ ಅಳಿಯನಿಗೆ ಅವರು ಸೈಕಲ್ಲಿನ ಬೆಲ್ಲನ್ನೂ ಕೊಡುವುದಿಲ್ಲ.

ಸಂಜೆ ಕನ್ನಡಕದಣ್ಣ ಜಪ ಮಾಡುವವನಂತೆ ಮೆಟ್ಟಿಲು ಹತ್ತಿದ. "ಕೆಟ್ಟ ಟ್ಯೂಬ್‌ಲೈಟು. ನಮ್ಮದಲ್ಲದ ಹಸಿರು ಬಾಗಿಲು. ಟೈಲರಮ್ಮನ ಹೂಕುಂಡ." ಎರಡನೇ ಮಹಡಿ ನಿರ್ವಿಘ್ನವಾಗಿ ಬಂತು. ಅಲ್ಲಿ ಟೈಲರಮ್ಮ ಸೂಜಿ ಹಿಡಿದು ಕಾದಿದ್ದಳು.

"ನಿಮ್ಮ ಮಾವ ಬಂದ್ರು ಅಣ್ಣಾ. ಬಿಳೀ ಕಾರು, ಪಳಪಳ ಅಂತಿದೆ. ನೋಡ್ಲಿಲ್ವಾ? ಹಿತ್ತಲಲ್ಲಿ ನಿಲ್ಸಿದ್ದಾರೆ."

ಒಂದೇ ಒಂದು ನೋಟ ಎಂದುಕೊಂಡು ಅವನು ಕೆಳಗಿಳಿದ. ಕಾರಿನ ಸುತ್ತ ಸುತ್ತಿ, ಗಾಜಿಗೆ ಉಸಿರು ಬಿಟ್ಟು ತೋಳಿನಿಂದ ಒರೆಸಿದ. ಮತ್ತೆ ಮೆಟ್ಟಿಲು ಹತ್ತಿದವನು ಮನಸ್ಸಿನಲ್ಲಿ ಆಗಲೇ ಮೂರನೇ ಗೇರಿನಲ್ಲಿದ್ದ. ಕಾಲು ತಾನಾಗಿ ತಿರುಗಿತು. ಚಿಲಕ ಹಾಕದೆ ಬರೀ ಮುಂದೆ ಮಾಡಿದ್ದ ಬಾಗಿಲನ್ನು ಭುಜ ತಳ್ಳಿತು. ಕತ್ತಲಲ್ಲೇ ಕೈ ಬಚ್ಚಲಿನ ಸ್ವಿಚ್ಚು ಒತ್ತಿತು. ಮೆದುಳಿನ ಕೆಲಸದಲ್ಲಿ ಒಂದು ಹೆಜ್ಜೆಯಷ್ಟೂ ಲೋಪವಿರಲಿಲ್ಲ.

"ಬಂದ್ರಾ?" ಅಡುಗೆಮನೆಯಿಂದ ದನಿ.

"ಹ್ಞೂಂ" ಎಂದು ಅವನು ಮೈಮೇಲೆ ನೀರು ಸುರಿದುಕೊಂಡ.

ಟವಲು ಸುತ್ತಿಕೊಂಡು ಗುನುಗುತ್ತ ಹೊರಬಂದಾಗ ಎದುರಿಗೆ ಮೇಷ್ಟ್ರ ಹೆಂಡತಿ, ಮಂಡಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು.

"ಆ ಟವಲ್ ನಮ್ದು" ಎಂದಳು ಆಕೆ.

"ಒಗೆದು ಕೊಡ್ತೀನಮ್ಮ. ಮೇಷ್ಟ್ರು...?"

"ಇನ್ನೂ ಬಂದಿಲ್ಲ. ಬಂದಿದ್ದಾರೆ ಅನ್ಕೊಂಡಿದ್ದೆ."

ಕನ್ನಡಕದಣ್ಣ ಬಟ್ಟೆ ಬಾಚಿಕೊಂಡು ಓಡಿದ. "ಏನಣ್ಣಾ, ಅಂಗಿಗೆ ಅಳತೆ ಕೊಡೋಕ್ ಬಂದ್ರಾ?" ಎಂದಳು ಟೈಲರಮ್ಮ.

ಮೂರನೇ ಮಹಡಿಯಲ್ಲಿ ಬಾಗಿಲು ತೆರೆದಿತ್ತು. ಅವನ ಕುರ್ಚಿಯಲ್ಲಿ, ಅವನದೇ ಪೈಜಾಮ ತೊಟ್ಟು, ಅವನ ಲೋಟದಲ್ಲಿ ಕಾಫಿ ಕುಡಿಯುತ್ತ ಮೇಷ್ಟ್ರು ಕೂತಿದ್ದರು. ಎದುರಿಗೆ ಮಾವ ಗಲ್ಲಕ್ಕೆ ಕೈಯಿಟ್ಟು ಅವರ ಮೆದುಳಿನ ಪಾಠ ಕೇಳುತ್ತಿದ್ದರು.

"ಪಾಪ, ಏನೋ ಯೋಚಿಸ್ತಾ ಹಳೇ ಮನೆ ಅಂತ ಸೀದಾ ಇಲ್ಲಿಗೇ ಬಂದ್ಬಿಟ್ರು" ಎಂದಳು ಹೆಂಡತಿ ಮೆಲ್ಲಗೆ. "ಎಷ್ಟು ದೊಡ್ಡ ತಲೆ ನೋಡಿ."

"ನಾನೂ ಅದನ್ನೇ ಅಲ್ವೇನೇ ಮಾಡಿದ್ದು?"

"ನೀವೇನು ಯೋಚಿಸ್ತಿದ್ರಿ?"

"ಕಾರು."

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು.

"ಇಷ್ಟು ವರ್ಷ ಬಸ್ಸು ಓಡಿಸ್ದೆ" ಎಂದರು ಮಾವ. ಅವರ ಕಣ್ಣು ಒದ್ದೆಯಾಗಿತ್ತು. "ಅಷ್ಟೂ ರಸ್ತೆ ತಲೆಯೊಳಗೆ ಹಾಸಿಕೊಂಡಿತ್ತು ಅಂತ ಇವತ್ತು ಗೊತ್ತಾಯ್ತು. ಅಳಿಯಂದಿರೇ, ಬೇಜಾರ್ ಮಾಡ್ಕೋಬೇಡಿ. ಸದ್ಯಕ್ಕೆ ಕಾರು ಮೇಷ್ಟ್ರ ಹತ್ರ ಇರ್ಲಿ. ದಾರಿ ಅಂದ್ರೆ ಏನೂಂತ ತಿಳಿದೋರು. ನಿಮ್ಮನ್ನೂ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗ್ತಾರೆ."

ಟವಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು ಸಂಕೋಚದಿಂದಲೇ ಕೀಲಿ ತೆಗೆದುಕೊಂಡು ಎದ್ದರು.

"ಬರ್ತೀನಿ. ಮನೇಲಿ ಕಾಯ್ತಿರ್ತಾಳೆ."

ಎಲ್ಲರಿಗೂ ಕೈಮುಗಿದು, ಗಂಭೀರವಾಗಿ ನಡೆದು, ಒಳಗಿನ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಕನ್ನಡಕದಣ್ಣ ಬಾಯಿ ತೆರೆದ. ಮಾವ ತುಟಿಗೆ ಬೆರಳಿಟ್ಟರು.

"ಶ್... ಯೋಚನೆ ಮಾಡ್ತಿದ್ದಾರೆ."