ಬೆಂಚಿನ ಮೇಲಿದ್ದವನಿಗೊಂದು ಅವಕಾಶ

ಶನಿವಾರ ಬೆಳಿಗ್ಗೆ ಪೇಪರ್ ತರಲು ಬಾಗಿಲು ತೆರೆದಾಗ ಕೋಚ್ ಹಾರ್ಲನ್ ಸ್ಟಬಲ್‌ಫೀಲ್ಡ್‌ಗೆ ತನ್ನ ಮನೆ ಮಾರಾಟಕ್ಕಿದೆ ಎಂಬ ಸಂಗತಿ ತಿಳಿಯಿತು. ಅಂಗಳದ ಹುಲ್ಲಿನ ನಡುವೆ ಯಾರೋ ಗೂಟ ಹೊಡೆದು ಕೆಂಪಕ್ಷರದ ಬೋರ್ಡ್ ನಿಲ್ಲಿಸಿದ್ದರು. ನಮ್ಮ ಸ್ಯಾಂಡಿ ವೆಲ್‌ನಲ್ಲಿ, ಸ್ಯಾಂಡಿ ವೆಲ್ ಒಂದೇ ಏಕೆ, ಇಡೀ ಪಶ್ಚಿಮ ಟೆಕ್ಸಾಸ್‌ನಲ್ಲಿ, ಹೈಸ್ಕೂಲಿನ ಫುಟ್‌ಬಾಲ್ ತಂಡ ಸೋಲುತ್ತಲೇ ಹೋದರೆ ಕೋಚ್‌ಗೆ ಊರು ಬಿಟ್ಟು ಹೋಗಯ್ಯ ಎಂದು ಮುಖಕ್ಕೆ ಹೇಳುವ ಪದ್ಧತಿ ಇಲ್ಲ. ನಾವು ಮರ್ಯಾದಸ್ಥರು. ಬೋರ್ಡ್ ನೆಡುತ್ತೇವೆ.

ಹಾರ್ಲನ್ ಬೋರ್ಡ್ ಕೀಳಲು ಹೊರಟ. ಗೂಟವನ್ನು ಎಷ್ಟು ಆಳಕ್ಕೆ ಬಡಿದಿದ್ದರೆಂದರೆ ಬೋರ್ಡಿನ ಒಂದು ಮೂಲೆ ಮಾತ್ರ ಮುರಿದು ಕೈಗೆ ಬಂತು, ಬೋರ್ಡ್ ಇದ್ದಲ್ಲೇ ಇತ್ತು. ಅಷ್ಟರಲ್ಲಿ ಪಿಕಪ್ ಟ್ರಕ್ಕಿನಲ್ಲಿ ಬಂದ ಅಪರಿಚಿತ ದಂಪತಿ ಮಲಗುವ ಕೋಣೆ ಎಷ್ಟಿವೆ ಎಂದು ಕೇಳಿದರು. ಇವನು ಬಾಯಿ ತೆರೆಯುವ ಮೊದಲೇ ಹೆಂಡತಿ ವರ್ನಾ ಬಾಗಿಲಿಗೆ ಬಂದು ಮೂರು ಎಂದಳು. ಸಾಲದ್ದಕ್ಕೆ ಅವರನ್ನು ಒಳಗೆ ಕರೆದು ಅಡಿಗೆಮನೆ ತೋರಿಸಿ ಕಾಫಿ ಕೊಟ್ಟು ಕಳಿಸಿದಳು.

"ಇದೇನೇ ನೀನು ಮಾಡ್ತಿರೋದು?" ಎಂದ ಹಾರ್ಲನ್.

"ಇವತ್ತೂ ಸೋತು ಬಾ, ಆಮೇಲೆ ಗೊತ್ತಾಗತ್ತೆ ಏನು ಮಾಡ್ತಿದೀನಿ ಅಂತ," ಎಂದಳು ವರ್ನಾ.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಂಡ ಸತತವಾಗಿ ಐದು ಆಟ ಸೋತಿತ್ತು. ಆರನೆಯದು ಅಂದು ಮಧ್ಯಾಹ್ನ ಎರಡಕ್ಕೆ, ಪಕ್ಕದೂರು ಹ್ಯಾಸ್ಕಿನ್ ಮೇಲೆ. ಮಾಮೂಲಿನಂತೆ ಶುಕ್ರವಾರ ಸಂಜೆಯೇ ನಡೆಯಬೇಕಿತ್ತು, ಮೈದಾನದ ದೀಪಗಳ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ಶನಿವಾರಕ್ಕೆ ಬಿತ್ತು. ಹ್ಯಾಸ್ಕಿನ್‌ಗೆ ಸೋತ ಕೋಚನ್ನು ಶಾಲಾ ಮಂಡಳಿ ಮುಂದಿನ ವರ್ಷಕ್ಕೆ ಇಟ್ಟುಕೊಂಡದ್ದು ನನಗಂತೂ ನೆನಪಿಲ್ಲ. ಹಾರ್ಲನ್‌ಗೆ ಐವತ್ತಮೂರು ವರ್ಷ. ಈ ಊರಿಗೆ ಬಂದು ಒಂಬತ್ತು ವರ್ಷವಾಗಿತ್ತು. ಬೇರೆ ಊರಿನ ಬೇರೆ ಮೈದಾನದಲ್ಲಿ ಸೀಟಿ ಊದುವುದು ಅವನಿಗೆ ಬೇಕಿರಲಿಲ್ಲ. ಊರು ಅವನನ್ನು ಎಷ್ಟೇ ಬೈಯಲಿ, ಅವನಿಗೆ ಈ ಊರೆಂದರೆ ಪ್ರೀತಿ.

ಊರಿನವರ ದೂರು ಒಂದೇ. ನಮ್ಮ ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆಯೊಳಕ್ಕೆ ನುಗ್ಗುವ ಓಟಗಾರನೊಬ್ಬ ಇರುತ್ತಾನೆ. ಆ ಕೆಲಸಕ್ಕೆ ಟ್ರಾವಿಸ್ ಹಟ್ಟೊ ಎಂಬ ಹುಡುಗನನ್ನು ಹಾರ್ಲನ್ ಇಳಿಸುತ್ತಿದ್ದ. ಟ್ರಾವಿಸ್ ಒಂದು ಸಲ ನುಗ್ಗಿದರೆ ಮೂರು ಗಜ. ಬೆಂಚಿನ ಮೇಲೆ ಬೆಟೊ ಅರ್ರೆಡಾಂಡೊ ಎಂಬ ಇನ್ನೊಬ್ಬನಿದ್ದ. ಅವನು ನುಗ್ಗಿದರೆ ಏಳು ಗಜ. ಏಳು ಮೂರಕ್ಕಿಂತ ದೊಡ್ಡದು ಎಂಬುದು ಕೋಚ್‌ಗೆ ಏಕೆ ಗೊತ್ತಾಗುವುದಿಲ್ಲ ಎಂದು ಊರೆಲ್ಲ ಕೇಳುತ್ತಿತ್ತು. ಟ್ರಾವಿಸ್‌ನ ಅಜ್ಜಿ ಆರ್ಲೀನ್ ಹಟ್ಟೊ ಶಾಲಾ ಮಂಡಳಿಯ ಅಧ್ಯಕ್ಷೆಯಾಗಿದ್ದರಿಂದ ಉತ್ತರವನ್ನೂ ಊರೇ ಕೊಟ್ಟುಕೊಳ್ಳುತ್ತಿತ್ತು.

ಅದು ಸುಳ್ಳು. ಹಾರ್ಲನ್‌ನ ಲೆಕ್ಕಾಚಾರ ಬೇರೆ ಇತ್ತು. ಬೆಟೊ ಆಡುತ್ತಿದ್ದದ್ದು ಕೊನೆಯ ಐದು ನಿಮಿಷ, ನಾವು ಸೋತಾದ ಮೇಲೆ. ಅಷ್ಟೊತ್ತಿಗೆ ಎದುರಾಳಿಗಳೂ ತಮ್ಮ ಗಟ್ಟಿ ಆಳುಗಳನ್ನು ಕೂರಿಸಿ ಪುಡಿ ಹುಡುಗರನ್ನು ಬಿಟ್ಟಿರುತ್ತಿದ್ದರು. ಅವರ ಮೇಲೆ ಓಡಿದ ಏಳು ಗಜ ನಿಜವಾದ ಏಳೋ, ಅಥವಾ ಟ್ರಾವಿಸ್ ಹೊಸ ಉಸಿರಿನ ಹನ್ನೊಂದು ಗೂಳಿಗಳ ಮೇಲೆ ಓಡಿದ ಮೂರೇ ಹೆಚ್ಚೋ? ಇದನ್ನು ತೂಗಿ ನೋಡುವುದು ಹೇಗೆಂದು ಹಾರ್ಲನ್‌ಗೆ ತಿಳಿಯಲಿಲ್ಲ. ಕೆಲವೊಮ್ಮೆ, ನಾನು ನಿಜವಾಗಿಯೂ ಆರ್ಲೀನ್‌ಗೆ ಹೆದರಿಯೇ ಹೀಗೆ ಮಾಡುತ್ತಿದ್ದೇನೆಯೇ ಎಂಬ ಅನುಮಾನವೂ ಅವನಿಗೆ ಬರುತ್ತಿತ್ತು.

ಆಟದ ದಿನ ಕ್ಷೌರ ಮಾಡಿಸಿಕೊಳ್ಳುವುದು ಅವನ ಅಭ್ಯಾಸ. ಕ್ಲೀಟಸ್ ಮೇಬ್ರಿಯ ಅಂಗಡಿಗೆ ಹೋಗಿ ಕೂತ. ಕ್ಲೀಟಸ್ ಕುತ್ತಿಗೆಗೆ ಬಟ್ಟೆ ಹೊದಿಸಿ, ಗದ್ದಕ್ಕೆ ನೊರೆ ಹಚ್ಚಿ, ಗಂಟಲ ಹತ್ತಿರ ರೇಜರ್ ಇಟ್ಟ ಮೇಲೆಯೇ ಬೆಟೊ ವಿಷಯ ತೆಗೆದದ್ದು. ಆ ಸ್ಥಿತಿಯಲ್ಲಿ ಯಾರೂ ವಾದ ಮಾಡುವುದಿಲ್ಲ. ಅವನು ಅರ್ಧ ಗಂಟೆ ಮಾತಾಡಿದ. ಬೆಂಚಿನ ಮೇಲೆ ಕೂತವನ ಕಣ್ಣು ನೋಡು, ಅಲ್ಲಿ ಎಂಥ ಹಸಿವಿದೆ ಎಂದ. ಸರದಿಗೆ ಕಾದಿದ್ದ ನಾಲ್ವರೂ ಹೌದೌದು ಎಂದರು. ಅವರಲ್ಲೊಬ್ಬ ಪಾದ್ರಿ. ದೇವರ ಇಚ್ಛೆಯೂ ಬೆಟೊ ಕಡೆಗೇ ಇದ್ದಂತಿದೆ ಎಂದು ಅವನು ಸಂಕೋಚದಿಂದಲೇ ತಿಳಿಸಿದ. ಮಾತಿನ ಭರದಲ್ಲಿ ಕ್ಲೀಟಸ್ ಹಾರ್ಲನ್‌ನ ಎಡಗಡೆಯ ಕೆನ್ನೆಗೂದಲನ್ನು ಪೂರ್ತಿ ಬೋಳಿಸಿದ್ದ, ಬಲಗಡೆಯದು ಹಾಗೇ ಇತ್ತು. ಸರಿಮಾಡಿಸಿಕೊಳ್ಳಲು ಕೂತರೆ ಇನ್ನರ್ಧ ಗಂಟೆ ಕೇಳಬೇಕಾಗುತ್ತಿತ್ತು. ಹಾರ್ಲನ್ ಟೋಪಿ ಹಾಕಿಕೊಂಡು ಹೊರಬಿದ್ದ.

ಪೆಟ್ರೋಲ್ ಬಂಕಿನವನು ಬೆಟೊ ಎಂದ. ಅಂಚೆಯವನು ಬೆಟೊ ಎಂದ. ಇಡೀ ಊರಿನಲ್ಲಿ ಬೆಟೊ ಬೇಡ ಎಂದವರು ಒಬ್ಬರೇ, ಅವನ ತಾಯಿ. ಶಾಲೆಯ ಅಡಿಗೆಮನೆಯಲ್ಲಿ ಕೆಲಸ ಮಾಡುವ ಸೆನೋರಾ ಅರ್ರೆಡಾಂಡೊ ಮೈದಾನದ ಬಾಗಿಲಲ್ಲೇ ಕಾದು ನಿಂತು, ಮೆಕ್ಕೆಜೋಳದ ಕಡುಬಿನಂಥ ಎರಡು ಡಜನ್ ಬಿಸಿ ತಮಾಲೆಗಳ ಪೊಟ್ಟಣವನ್ನು ಹಾರ್ಲನ್ ಕೈಗಿಟ್ಟಳು. ಮಗನನ್ನು ಬೆಂಚಿನ ಮೇಲೆಯೇ ಇಡಿ, ಅವನ ಹಲ್ಲು ಸರಿಮಾಡಿಸಿ ಇನ್ನೂ ವರ್ಷವಾಗಿಲ್ಲ ಎಂದು ಬೇಡಿಕೊಂಡಳು. ಇದು ಲಂಚವೇ ಎಂದು ಯೋಚಿಸುತ್ತ ಹಾರ್ಲನ್ ನಾಲ್ಕು ತಿಂದ.

ತಂಡದ ಕೋಣೆಯೊಳಗೆ ಸಹಾಯಕ ಕೋಚ್ ಲಾಯ್ಡ್ ಪೆನಿಕ್ ಜರ್ಸಿಗಳನ್ನು ಮಡಿಸುತ್ತಿದ್ದ. ಜರ್ಸಿ ಒಗೆಯುವವನೂ ಅವನೇ, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನೂ ಅವನೇ, ಬಸ್ ಓಡಿಸುವವನೂ ಅವನೇ. ಒಂಬತ್ತು ವರ್ಷದಲ್ಲಿ ಲಾಯ್ಡ್ ಒಂದು ಸಲವೂ ಅಭಿಪ್ರಾಯ ಹೇಳಿದ್ದಿಲ್ಲ, ಯಾರೂ ಕೇಳಿದ್ದೂ ಇಲ್ಲ. ಅಂದು ಹಾರ್ಲನ್ ಬೇರೆ ದಾರಿ ಕಾಣದೆ ಬೆಟೊ ಬಗ್ಗೆ ಕೇಳಿದ.

"ಸೋಮವಾರ ನೀವು ಹಲ್ಲಿನ ಡಾಕ್ಟರ ಹತ್ರ ಹೋಗಿದ್ರಲ್ಲ," ಎಂದ ಲಾಯ್ಡ್ ಜರ್ಸಿಯಿಂದ ಕಣ್ಣೆತ್ತದೆ, "ಆಗ ಬೆಟೊನ ನಮ್ಮ ಗಟ್ಟಿ ಹನ್ನೊಂದು ಜನದ ಮೇಲೆ ಓಡಿಸಿ ನೋಡಿದೆ. ಎಂಟು ಸಲ. ಎರಡೇ ಸಲ ಸಿಕ್ಕಿಬಿದ್ದ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ, ಸರ್."

ಹಾರ್ಲನ್‌ಗೆ ಎದೆ ಹಗುರವಾಯಿತು. ತೂಕದ ಬಟ್ಟು ಸಿಕ್ಕಿತ್ತು. ಬೆಟೊನನ್ನು ಕರೆದು ಇವತ್ತು ಮೊದಲಿಂದ ನೀನೇ ಎಂದ. ಬೆಟೊ ಸರಿ ಕೋಚ್ ಎಂದು ಹೇಳಿ, ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿ ಬಂದ. ಟ್ರಾವಿಸ್ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡ. ಒಳ್ಳೆಯ ಹುಡುಗ.

ಉಳಿದದ್ದು ಅಜ್ಜಿ. ಆಟದ ಹೊತ್ತಿಗೆ ಅವಳಿಗೇ ಗೊತ್ತಾಗಲಿ ಎಂದು ಬಿಟ್ಟರೆ ಅದು ಹೇಡಿತನ ಎಂದುಕೊಂಡು ಹಾರ್ಲನ್ ನೇರವಾಗಿ ಕೆಫೆಗೆ ಹೋದ. ಶನಿವಾರ ಹನ್ನೊಂದಕ್ಕೆ ಮಂಡಳಿಯ ಏಳೂ ಸದಸ್ಯರು ಅಲ್ಲಿ ದುಂಡು ಮೇಜಿನ ಸುತ್ತ ಕೂತು ಪೀಕನ್ ಪೈ ಎಂಬ ಸಿಹಿ ತಿಂಡಿ ತಿನ್ನುತ್ತಾರೆ. ಅದು ಸಭೆಯಲ್ಲ ಎಂದು ಅವರೆಲ್ಲ ಹೇಳುತ್ತಾರೆ, ನಾವು ನಂಬುವುದಿಲ್ಲ. ಎಪ್ಪತ್ತೆಂಟರ ಆರ್ಲೀನ್ ನಡುವೆ ಕೂತಿದ್ದಳು. ಒಂದೇ ಕಡೆ ಕೆನ್ನೆಗೂದಲಿದ್ದ ಕೋಚನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

ಹಾರ್ಲನ್ ಟೋಪಿ ಕೈಯಲ್ಲಿ ಹಿಡಿದು ಹೇಳಿಬಿಟ್ಟ. ಏಳು ಚಮಚಗಳೂ ನಿಂತವು.

"ನನ್ನ ಮೊಮ್ಮಗ ಏನು ತಪ್ಪು ಮಾಡಿದ?" ಎಂದಳು ಆರ್ಲೀನ್.

"ತಪ್ಪೇನೂ ಮಾಡಿಲ್ಲ, ಮೇಡಂ. ಕೈಲಾದಷ್ಟು ಮಾಡಿದಾನೆ. ಆದ್ರೆ ಪಕ್ಕದಲ್ಲಿ ಇನ್ನೊಬ್ಬ ಇದಾನೆ. ಬಾಯಿಬಿಟ್ಟು ಒಂದು ಸಲ ನಂಗೆ ಕೊಡಿ ಅಂದವನಲ್ಲ. ಕೊಟ್ಟ ಚೂರುಪಾರು ಹೊತ್ತಲ್ಲೇ ಕೆಲಸ ಮಾಡಿ ತೋರಿಸ್ತಿದಾನೆ. ಬೆಂಚ್ ಮೇಲೆ ಕೂರಿಸಿಟ್ಟೇ ಇವನ ಕೈಲಿ ಆಗಲ್ಲ ಅಂದ್ರೆ ಹೇಗೆ? ಒಂದು ದಿನ ಪೂರ್ತಿ ಕೊಟ್ಟು ನೋಡಬೇಕು. ಇಷ್ಟು ವರ್ಷದಿಂದ ಇದಾನೆ ಅನ್ನೋ ಒಂದೇ ಕಾರಣಕ್ಕೆ ಒಬ್ಬನ್ನೇ ಮುಂದೆ ನಿಲ್ಲಿಸ್ತಾ ಹೋದ್ರೆ ಅದು ತಂಡಕ್ಕೆ ಮಾಡೋ ಮೋಸ."

ಒಂಬತ್ತು ವರ್ಷದಲ್ಲಿ ಹಾರ್ಲನ್ ಇಷ್ಟು ಚೆನ್ನಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವನಿಗೇ ತನ್ನ ಬಗ್ಗೆ ಮೆಚ್ಚಿಕೆಯಾಯಿತು.

"ಬೆಂಚಿಗೆ ಕಳಿಸಿದವನ ಗತಿ ಏನು?" ಎಂದಳು ಆರ್ಲೀನ್.

"ಎಲ್ಲಿಗೂ ಹೋಗಲ್ಲ, ತಂಡದಲ್ಲೇ ಇರ್ತಾನೆ. ಕೂತು ನೋಡಿ ಕಲೀತಾನೆ, ಹುಡುಗರಿಗೆ ನೀರು ಕೊಡ್ತಾನೆ. ಒಳ್ಳೆಯವನಾದ್ರೆ ಬೇಜಾರು ಮಾಡ್ಕೊಳ್ಳಲ್ಲ."

ಆರ್ಲೀನ್ ಪೈನ ಕೊನೆಯ ತುಂಡನ್ನು ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ಸರಿ ಎಂದಳು. ಅಷ್ಟೇ. ಹಾರ್ಲನ್ ಕೆಫೆಯಿಂದ ಹೊರಗೆ ಬಂದಾಗ ಮನಸ್ಸು ಹಾರಾಡುತ್ತಿತ್ತು.

ಎರಡು ಗಂಟೆಗೆ ಮೈದಾನ ತುಂಬಿತ್ತು. ಮೊದಲ ಸಲವೇ ಚೆಂಡು ಬೆಟೊನ ಕೈಗೆ ಬಂತು, ಬಂದಷ್ಟೇ ಬೇಗ ಜಾರಿ ಹ್ಯಾಸ್ಕಿನ್ ಕೈಗೆ ಹೋಯಿತು. ಹ್ಯಾಸ್ಕಿನ್ ಆರು ಅಂಕ ಗಳಿಸಿತು. ಬೆಟೊ ಬೆಟೊ ಎಂದು ಕೂಗುತ್ತಿದ್ದ ಕ್ಲೀಟಸ್ ಕಡಲೆಕಾಯಿ ಸುಲಿಯುವುದರಲ್ಲಿ ಮಗ್ನನಾದ. ಹಾರ್ಲನ್ ಟ್ರಾವಿಸ್ ಕಡೆ ತಿರುಗಿ ನೋಡಿದ. ಲಾಯ್ಡ್ ಅವನ ತೋಳು ಮುಟ್ಟಿ, ಇನ್ನೊಂದು ಸಲ ಕೊಟ್ಟು ನೋಡಿ ಸರ್ ಎಂದ.

ಕೊಟ್ಟರು. ಈ ಸಲ ಬೆಟೊ ಬಲಕ್ಕೆ ಹೊರಳಿ, ಇಬ್ಬರನ್ನು ತಪ್ಪಿಸಿ, ಮೈದಾನದ ಅಂಚಿನ ಬಿಳಿ ಗೆರೆಯ ಗುಂಟ ಬಿಟ್ಟ ಬಾಣದಂತೆ ಬಂದ. ಹನ್ನೆರಡು ಗಜ, ಇಪ್ಪತ್ತು, ಮೂವತ್ತು. ಗೆರೆಯ ಮೇಲೆ ನಿಂತು ಎರಡೂ ಕೈ ಬೀಸಿ ಓಡು ಓಡು ಎಂದು ಕೂಗುತ್ತಿದ್ದವನು ಹಾರ್ಲನ್. ಬೆಟೊ ಓಡಿದ, ಅವನಿಗೂ ಡಿಕ್ಕಿ ಹೊಡೆದುಕೊಂಡೇ ಓಡಿದ. ಕೋಚ್ ನೀರಿನ ಡ್ರಮ್ಮಿನ ಆಚೆ ಬಿದ್ದ.

ತಂಡದ ವೈದ್ಯರು, ಅಂದರೆ ನಮ್ಮೂರಿನ ದನದ ಡಾಕ್ಟರು, ಬಂದು ಹಾರ್ಲನ್‌ನ ಕಣ್ಣರೆಪ್ಪೆ ಎತ್ತಿ ನೋಡಿದರು, ಪಾದ ತಿರುವಿ ನೋಡಿದರು. ಮುರಿದಿಲ್ಲ, ಉಳುಕಿದೆ, ಆದರೆ ಆಟ ಮುಗಿಯುವವರೆಗೆ ಏಳಬಾರದು, ಕೂಗಬಾರದು ಎಂದರು. ಕಾಲಿಗೆ ಮಂಜುಗಡ್ಡೆ ಕಟ್ಟಿ ಅವನನ್ನು ಬೆಂಚಿನ ಕೊನೆಯಲ್ಲಿ ಟ್ರಾವಿಸ್ ಪಕ್ಕ ಕೂರಿಸಿದರು. ಲಾಯ್ಡ್ ಕೋಚ್‌ನ ಹೆಡ್‌ಫೋನ್ ತಲೆಗೇರಿಸಿಕೊಂಡ. ಅವನ ತಲೆಗೆ ಅದು ಸ್ವಲ್ಪ ದೊಡ್ಡದಾಗಿತ್ತು.

ಮುಂದಿನದನ್ನು ನಾನು ಬಣ್ಣಿಸಲಾರೆ, ಊರಿನವರು ಇನ್ನೂ ಬಣ್ಣಿಸುತ್ತಿದ್ದಾರೆ. ಲಾಯ್ಡ್ ಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದ. ಒಂಬತ್ತು ವರ್ಷದಿಂದ ಅವನು ಮನೆಯಲ್ಲಿ ಕೂತು ಬರೆದ ಆಟದ ವರಸೆಗಳು ಅದರಲ್ಲಿದ್ದವು. ಬೆಟೊ ಎಡಕ್ಕೆ ಓಡುವಂತೆ ನಟಿಸಿದ, ಚೆಂಡು ಬಲಕ್ಕೆ ಹೋಯಿತು. ಹ್ಯಾಸ್ಕಿನ್‌ನವರು ಇಡೀ ಮಧ್ಯಾಹ್ನ ಚೆಂಡಿಲ್ಲದವನ ಹಿಂದೆ ಓಡಿದರು. ನಾವು ಮೂವತ್ತೊಂದು, ಅವರು ಆರು. ಬೆಟೊ ನೂರಾ ಎಂಬತ್ತು ಗಜ ಓಡಿದ, ಹಲ್ಲೆಲ್ಲ ಸರಿಯಾಗಿದ್ದವು, ಅವನ ತಾಯಿ ಅಳುತ್ತ ಎಲ್ಲರನ್ನೂ ಅಪ್ಪಿಕೊಳ್ಳುತ್ತಿದ್ದಳು. ಹಾರ್ಲನ್ ಕೂಡ ಬೆಂಚಿನ ಮೇಲೆ ಕೂತೇ ಅತ್ತ. ಬೆಟೊನನ್ನು ಆಟಕ್ಕಿಳಿಸಿದ್ದು ತಾನು. ಕೆಲಸ ಉಳಿಯಿತು ಎಂದುಕೊಂಡ.

ಮಂಡಳಿಯ ಏಳೂ ಜನ ಮೆಟ್ಟಿಲಿಳಿದು ಅವನ ಬಳಿಗೇ ಬಂದರು. ಹಾರ್ಲನ್ ಏಳಲು ಹೋದ. ಆರ್ಲೀನ್ ಬೇಡ ಕೂತಿರು ಎಂದು ಅವನ ಭುಜದ ಮೇಲೆ ಕೈಯಿಟ್ಟಳು.

"ಬೆಳಿಗ್ಗೆ ನೀನು ಹೇಳಿದ್ದು ನಮ್ಮ ಏಳೂ ಜನರ ಮನಸ್ಸಿಗೆ ನಾಟ್ತು ಕಣಪ್ಪ," ಎಂದಳು. "ಪೂರ್ತಿ ಅವಕಾಶ ಕೊಡದೆ ಯಾರನ್ನೂ ಅಳೀಬಾರದು. ಇವತ್ತು ಕಣ್ಣಾರೆ ನೋಡಿದ್ವಿ."

"ಧನ್ಯವಾದ, ಮೇಡಂ. ಹುಡುಗ ಚಿನ್ನ."

"ಹುಡುಗ ಸರಿ, ನಾನು ಹೇಳ್ತಿರೋದು ಲಾಯ್ಡ್ ವಿಷಯ. ಇಷ್ಟು ವರ್ಷ ಬಾಯಿಬಿಟ್ಟು ಕೇಳಿದವನಲ್ಲ ಪಾಪ. ಸೋಮವಾರದಿಂದ ಅವನು ಕೋಚ್. ನೀನು ಎಲ್ಲಿಗೂ ಹೋಗಬೇಕಾಗಿಲ್ಲ, ತಂಡದಲ್ಲೇ ಇರ್ತೀಯ. ಅವನಿಗೆ ಸಹಾಯಕ." ಅವಳು ಪ್ರೀತಿಯಿಂದಲೇ ಅವನ ಭುಜ ತಟ್ಟಿದಳು. "ಬೇರೆಯವರಾಗಿದ್ರೆ ಬೇಜಾರು ಮಾಡ್ಕೊತಾರೇನೋ ಅಂತ ಹೆದರಿಕೆ ಇರೋದು. ನಿನ್ನ ವಿಷಯದಲ್ಲಿ ಆ ಯೋಚನೆ ಇಲ್ಲ."

ಹೇಳಬೇಕಾದ್ದನ್ನೆಲ್ಲ ಹಾರ್ಲನ್ ಬೆಳಿಗ್ಗೆಯೇ ಹೇಳಿ ಮುಗಿಸಿದ್ದ. ಲಾಯ್ಡ್ ಕೆಂಪಗಾಗಿ ಬಂದು, ನಾನು ಕೇಳಿದ್ದಲ್ಲ ಸರ್, ನಿಮ್ಮಾಣೆ ಎಂದ. ಆಮೇಲೆ, ಜರ್ಸಿಗಳನ್ನು ತಣ್ಣೀರಿನಲ್ಲೇ ನೆನೆಸಬೇಕು, ಬಿಸಿನೀರಿಗೆ ಬಣ್ಣ ಬಿಡುತ್ತವೆ ಎಂದು ತಿಳಿಸಿ ಹೋದ.

ಸುದ್ದಿ ಹರಡಲು ಹತ್ತು ನಿಮಿಷ ಹಿಡಿಯಲಿಲ್ಲ. ಬೇಲಿಯ ಆಚೆ ಕ್ಲೀಟಸ್ ನಿಂತು ಪಾದ್ರಿಗೆ ಹೇಳುತ್ತಿದ್ದದ್ದು ಬೆಂಚಿನವರೆಗೂ ಕೇಳಿಸುತ್ತಿತ್ತು. ಹಾರ್ಲನ್‌ನಂಥ ಅನುಭವಸ್ಥನನ್ನು ಬೆಂಚಿನ ಮೇಲೆ ಕೂರಿಸುವುದು ಎಲ್ಲಿಯ ನ್ಯಾಯ, ಅವನ ಕಣ್ಣು ನೋಡಿ, ಅಲ್ಲಿ ಎಂಥ ಹಸಿವಿದೆ ಎನ್ನುತ್ತಿದ್ದ. ಪಾದ್ರಿ ತಲೆದೂಗುತ್ತಿದ್ದ. ಒಂಬತ್ತು ವರ್ಷ ಕೋಚ್ ಆಗಿದ್ದಾಗ ಹಾರ್ಲನ್ ಪರವಾಗಿ ಊರಿನಲ್ಲಿ ಒಬ್ಬರೂ ಆಡದ ಮಾತು ಅದು.

ಪಕ್ಕದಲ್ಲಿ ಟ್ರಾವಿಸ್ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

"ಈ ಕಡೆ ಬನ್ನಿ ಕೋಚ್," ಎಂದ. "ನೀವು ಕೂತಿರೋ ಕಡೆ ಮೊಳೆ ಎದ್ದಿದೆ. ನಂಗೂ ಇವತ್ತೇ ಗೊತ್ತಾಗಿದ್ದು."